ಶಸ್ತ್ರ, ಅನುಶಸ್ತ್ರ ಮತ್ತು ಕಣ್ಣ ರೆಪ್ಪೆ

ಮರಾಠಿಯವರು ‘ಶಸ್ತ್ರಕ್ರಿಯಾ’ ಎನ್ನುವುದನ್ನು ನಾವು ಕನ್ನಡದಲ್ಲಿ ‘ಶಸ್ತ್ರಚಿಕಿತ್ಸೆ’ ಎನ್ನುತ್ತೇವೆ. ಎರಡೂ ಭಾಷೆಗಳಲ್ಲಿ ಪಾಠ ಕಲಿತು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಪೇಟೆಯಲ್ಲಿ ಬಳಸುತ್ತ ಬಂದ ನಮ್ಮಂಥ ಗಡಿಯ ಜನಕ್ಕೆ ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಆದರೆ ಅಂತರವೇನೂ ಸಣ್ಣದಲ್ಲ. ಮರಾಠಿ ಪದವು ನಡೆದ ಕೆಲಸವನ್ನಷ್ಟೇ ಹೇಳುತ್ತದೆ: ಶಸ್ತ್ರದಿಂದ ಏನನ್ನೋ ಮಾಡಲಾಯಿತು. ಕನ್ನಡ ಪದವು ಆ ಕೆಲಸದ ಕಾರಣವನ್ನೂ ತನ್ನೊಳಗೆ ಇಟ್ಟುಕೊಂಡಿದೆ: ರೋಗವೊಂದಿತ್ತು, ಶಸ್ತ್ರದಿಂದ ಅದಕ್ಕೆ ಚಿಕಿತ್ಸೆಯಾಯಿತು. ಹರ್ನಿಯಾ, ಅಪೆಂಡಿಕ್ಸ್, ಮೋತಿಬಿಂದು ಇವುಗಳ ಮಟ್ಟಿಗೆ ಯಾವ ಪದ ಬಳಸಿದರೂ ತೊಡಕಿಲ್ಲ. ರೋಗವೇ ಇಲ್ಲದ ಅಂಗವನ್ನು ಅಂದಕ್ಕಾಗಿ ತಿದ್ದಿಸಿಕೊಳ್ಳುವಾಗ ಮಾತ್ರ ನಮ್ಮ ಪದ ತಪ್ಪು ಸಾಕ್ಷಿ ಹೇಳಲು ತೊಡಗುತ್ತದೆ. ‘ಸೌಂದರ್ಯ ಶಸ್ತ್ರಚಿಕಿತ್ಸೆ’ ಎಂದೊಡನೆ ಮುಖದ ಮೇಲೊಂದು ರೋಗವಿದೆಯೆಂದು ನಾವು ಒಪ್ಪಿಕೊಂಡಂತಾಗುತ್ತದೆ. ಈ ಒಂದು ಸಂದರ್ಭದಲ್ಲಿ ಮರಾಠಿಯ ಪದವೇ ಹೆಚ್ಚು ಪ್ರಾಮಾಣಿಕವಾದದ್ದೆಂದು ಕನ್ನಡದ ಅಧ್ಯಾಪಕನಾದ ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಈ ಪದವಿಚಾರ ಈಗ ಏಕೆಂದರೆ, ಸೊಲ್ಲಾಪುರದಂಥ ಊರುಗಳಲ್ಲೂ ಇಂದು ಕಣ್ಣ ರೆಪ್ಪೆಯನ್ನು ‘ಎತ್ತಿಸಿಕೊಳ್ಳುವ’ ಜಾಹೀರಾತುಗಳು ಮೂರು ಭಾಷೆಗಳಲ್ಲಿ ಕಾಣಸಿಗುತ್ತವೆ. ಇಂಗ್ಲಿಷಿನಲ್ಲಿ ‘ನಾನ್-ಸರ್ಜಿಕಲ್ ಐ ಲಿಫ್ಟ್’, ಮರಾಠಿಯಲ್ಲಿ ‘ಶಸ್ತ್ರಕ್ರಿಯೇವಿನಾ’, ಕನ್ನಡದಲ್ಲಿ ‘ಶಸ್ತ್ರಚಿಕಿತ್ಸೆ ಇಲ್ಲದೆ’. ಮೂರೂ ನಿಷೇಧಾರ್ಥಕ ಮಾತುಗಳು. ಏನು ಮಾಡುವುದಿಲ್ಲ ಎಂಬುದನ್ನು ಹೇಳುತ್ತವೆ, ಏನು ಮಾಡುತ್ತೇವೆ ಎಂಬುದನ್ನು ಹೇಳುವುದಿಲ್ಲ. ‘ಸಕ್ಕರೆ ಇಲ್ಲದ’ ಎಂದು ಬರೆದ ಪೊಟ್ಟಣದಲ್ಲಿ ಏನಿದೆ ಎಂದು ತಿಳಿಯಲು ಅದನ್ನು ತಿರುಗಿಸಿ ಸಣ್ಣಕ್ಷರ ಓದಬೇಕಷ್ಟೆ? ಹಾಗೆಯೇ ಇದನ್ನೂ ಸ್ವಲ್ಪ ತಿರುಗಿಸಿ ನೋಡಬೇಕೆಂಬುದು ನನ್ನ ಅಪೇಕ್ಷೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಲ್ಲೇನು ಕೆಲಸ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಈ ಫಲಕಗಳ ಕನ್ನಡವನ್ನು ನಾಳೆ ಬರೆಯುವವರು ನೀವೇ. ಅವನ್ನು ಓದಿ ಒಳಗೆ ಹೋಗುವವರೂ ನಿಮ್ಮಲ್ಲೇ ಕೆಲವರಿರಬಹುದು.

ಮೊದಲಿಗೆ ‘ಐ ಲಿಫ್ಟ್’ ಎಂಬ ಹೆಸರೇ ಸಡಿಲವಾದದ್ದು. ಎತ್ತುವುದು ಕಣ್ಣನ್ನಲ್ಲ, ರೆಪ್ಪೆಯನ್ನು, ಕೆಲವೊಮ್ಮೆ ಹುಬ್ಬನ್ನು. ರೆಪ್ಪೆಯ ಚರ್ಮ ನಮ್ಮ ಮೈಯ ಚರ್ಮದಲ್ಲೆಲ್ಲ ಅತಿ ತೆಳುವಾದದ್ದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪದ್ದು. ಅದರ ಕೆಳಗೆ ಕಣ್ಣಿನ ಸುತ್ತ ಉಂಗುರದಂತೆ ಹರಡಿರುವ, ಕಣ್ಣು ಮುಚ್ಚುವ ಸ್ನಾಯುವಿದೆ. ಮೇಲ್ರೆಪ್ಪೆಯನ್ನು ಎತ್ತಿಹಿಡಿಯುವ ಸ್ನಾಯು ಬೇರೆಯೇ. ಇವೆರಡಕ್ಕೆ ಆಜ್ಞೆ ಕೊಡುವ ನರಗಳೂ ಬೇರೆ ಬೇರೆ. ಇವುಗಳ ಹಿಂದೆ, ತೆಳುವಾದೊಂದು ಪರದೆಯ ಆಚೆ, ಕಣ್ಣುಗುಡ್ಡೆಗೆ ಮೆತ್ತೆಯಾಗಿ ಕೊಬ್ಬಿನ ಸಣ್ಣ ಗಂಟುಗಳಿವೆ: ಮೇಲೆ ಎರಡು, ಕೆಳಗೆ ಮೂರು. ವಯಸ್ಸಾದಂತೆ ಪರದೆ ಸಡಿಲಗೊಂಡರೆ ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ಕಣ್ಣಡಿಯ ಚೀಲವೆಂದು ನಾವು ಕರೆಯುವುದು ಅದನ್ನೇ.

ಹೀಗಾಗಿ ‘ಕಣ್ಣು ಜೋತುಬಿದ್ದಿದೆ’ ಎಂಬ ಒಂದೇ ದೂರಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಚರ್ಮ ಹೆಚ್ಚಾಗಿ ಮಡಿಕೆಬಿದ್ದು ಎವೆಗಳ ಮೇಲೆ ಕುಳಿತಿರಬಹುದು. ಹುಬ್ಬೇ ಕೆಳಗಿಳಿದು ರೆಪ್ಪೆಯನ್ನು ತಳ್ಳುತ್ತಿರಬಹುದು. ಇಲ್ಲವೇ ಚರ್ಮ ಸರಿಯಾಗಿಯೇ ಇದ್ದು, ರೆಪ್ಪೆಯನ್ನೆತ್ತುವ ಸ್ನಾಯುವಿನ ಹಿಡಿತ ಸಡಿಲಗೊಂಡು ರೆಪ್ಪೆಯ ಅಂಚು ಕಣ್ಣಪಾಪೆಯ ಮೇಲೆ ಬಂದಿರಬಹುದು. ವೈದ್ಯರು ‘ಟೋಸಿಸ್’ ಎನ್ನುವ ಈ ಮೂರನೆಯದು ಅಂದಚಂದದ ವಿಷಯವೇ ಅಲ್ಲ, ದೃಷ್ಟಿಯ ವಿಷಯ. ಒಂದು ಕಣ್ಣಿನ ರೆಪ್ಪೆ ಹಠಾತ್ತನೆ ಇಳಿದು, ಜೊತೆಗೆ ಪಾಪೆ ದೊಡ್ಡದಾಗಿದ್ದರೆ ಅಥವಾ ಒಂದು ವಸ್ತು ಎರಡಾಗಿ ಕಾಣುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಮೆದುಳಿನ ರಕ್ತನಾಳದ ಅಪಾಯ ಹಾಗೆ ತೋರಿಕೊಳ್ಳುವುದುಂಟು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಇಳಿಯುವ ರೆಪ್ಪೆ ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯದ ಮೊದಲ ಲಕ್ಷಣವಾಗಿರಬಹುದು. ಇವಕ್ಕೆ ಸೌಂದರ್ಯ ಕೇಂದ್ರದ ಸೂಜಿಯೂ ಮದ್ದಲ್ಲ, ‘ವಯಸ್ಸಾಯಿತು ಬಿಡು’ ಎಂಬ ಮನೆಯವರ ಸಮಾಧಾನವೂ ಮದ್ದಲ್ಲ.

ನಮ್ಮ ಬಂಧುವರ್ಗದ ಹಿರಿಯರೊಬ್ಬರು ಅಕ್ಕಲಕೋಟೆಯ ಕಡೆಯವರು. ಗದ್ದವೆತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿ ಮಾತಾಡುವುದು ಅವರ ರೂಢಿಯಾಗಿತ್ತು. ದೂರದ ನೆಂಟರು ಇದನ್ನು ಗರ್ವವೆಂದೇ ತಿಳಿದಿದ್ದರು. ಪತ್ರಿಕೆ ಓದುವಾಗ ಎಡಗೈ ಬೆರಳಿನಿಂದ ರೆಪ್ಪೆಯನ್ನೆತ್ತಿ ಹಿಡಿದುಕೊಳ್ಳುತ್ತಿದ್ದರು. ಕುತ್ತಿಗೆ ನೋವಿಗೆಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಕನ್ನಡಕದ ನಂಬರು ತೋರಿಸಲು ಹೋದಾಗ ನೇತ್ರವೈದ್ಯರೊಬ್ಬರು ರೆಪ್ಪೆಯ ಸ್ನಾಯು ಸಡಿಲವಾಗಿದೆಯೆಂದು ಗುರುತಿಸಿದರು. ಒಂದು ಮುಂಜಾನೆಯ ಶಸ್ತ್ರಚಿಕಿತ್ಸೆ. ಇಲ್ಲಿ ಕನ್ನಡದ ಪದವೇ ಸರಿ. ಕತ್ತು ನೆಟ್ಟಗಾಯಿತು, ನೋವು ಹೋಯಿತು, ಗರ್ವದ ಅಪವಾದವೂ ಹೋಯಿತು. ಎಪ್ಪತ್ತು ದಾಟಿದ ಮೇಲೆ ಕಣ್ಣಿಗೆ ಕತ್ತಿ ಹಾಕಿಸುವುದೇ ಎಂದು ಹಿಂಜರಿದವರು ಅವರಲ್ಲ, ಮನೆಯ ಕಿರಿಯರು.

ಕತ್ತಿಯ ಈ ಭಯವೂ ಪರಿಶೀಲಿಸತಕ್ಕದ್ದೇ. ಬಿಜಾಪುರ, ಸೊಲ್ಲಾಪುರ ಸೀಮೆಯ ಜನ ತಲೆಮಾರುಗಳಿಂದ ಕಣ್ಣಿಗೆ ಶಸ್ತ್ರ ಸೋಕಿಸಿಕೊಂಡವರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಹಳ್ಳಿಪಟ್ಟಣಗಳಲ್ಲಿ ನಡೆಸಿದ ಉಚಿತ ನೇತ್ರಶಿಬಿರಗಳಲ್ಲಿ ಸಾಲಾಗಿ ಮಲಗಿ ಮೋತಿಬಿಂದು ತೆಗೆಸಿಕೊಂಡವರು ನಮ್ಮ ಅಜ್ಜ ಅಜ್ಜಿಯರು. ‘ಕಣ್ಣಿನ ಆಪರೇಶನ್’ ಎಂಬ ಮಾತು ಅವರ ಬಾಯಲ್ಲಿ ಹೆದರಿಕೆಯ ಮಾತಾಗಿರಲಿಲ್ಲ. ಬೆಳಕು ಮರಳಿದ್ದರ ಮಾತಾಗಿತ್ತು. ಆ ಜನರ ಮೊಮ್ಮಕ್ಕಳಿಗೆ ಇಂದು ಕತ್ತಿಯೆಂದರೆ ಅಂಜಿಕೆ, ಸೂಜಿಯೆಂದರೆ ಸಲೀಸು ಎಂಬ ಭಾವನೆ ಬಂದಿದ್ದರೆ ಅದು ಅನುಭವದಿಂದ ಬಂದದ್ದಲ್ಲ. ಮಾರಾಟದ ಭಾಷೆಯಿಂದ ಬಂದದ್ದು.

ಹಾಗಾದರೆ ಕತ್ತಿಯಿಲ್ಲದ ಈ ವಿಧಾನಗಳು ಯಾವುವು? ಮೊದಲನೆಯದು ಬೋಟುಲಿನಮ್ ವಿಷದ ಸೂಜಿ, ಲೋಕರೂಢಿಯಲ್ಲಿ ಬೋಟಾಕ್ಸ್. ಇದರ ಚರಿತ್ರೆಯಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ತಿಳಿಯಬೇಕಾದದ್ದೊಂದಿದೆ. ಹಾಳಾದ ಮಾಂಸದ ಸಾಸೇಜು ತಿಂದು ಜನ ಸಾಯುತ್ತಿದ್ದುದನ್ನು 1820ರ ಸುಮಾರಿನಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ ವಿವರವಾಗಿ ಅಭ್ಯಸಿಸಿ, ಆ ವಿಷ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆಂದು ಬರೆದವನು ಯುಸ್ಟಿನುಸ್ ಕೆರ್ನರ್. ಅವನು ವೈದ್ಯನೂ ಹೌದು, ತನ್ನ ಕಾಲದ ಹೆಸರಾಂತ ಕವಿಯೂ ಹೌದು. ಈ ವಿಷವನ್ನೇ ಅಲ್ಪಪ್ರಮಾಣದಲ್ಲಿ ಔಷಧವಾಗಿ ಬಳಸಬಹುದೆಂಬ ಊಹೆಯೂ ಅವನದೇ. ಲ್ಯಾಟಿನಿನಲ್ಲಿ ‘ಬೋಟುಲುಸ್’ ಎಂದರೆ ಸಾಸೇಜು. ಊಹೆ ನಿಜವಾಗಲು ಒಂದೂವರೆ ಶತಮಾನ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಇದನ್ನು ಪ್ರಯೋಗಿಸಿದರು. 1989ರಲ್ಲಿ ಅಮೆರಿಕದ ಔಷಧ ಆಡಳಿತವು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಅನುಮತಿ ಕೊಟ್ಟಿತು. ಕೆನಡಾದ ವ್ಯಾಂಕೂವರಿನಲ್ಲಿ ರೆಪ್ಪೆಯ ಸೆಳೆತಕ್ಕೆ ಈ ಸೂಜಿ ಕೊಡುತ್ತಿದ್ದ ನೇತ್ರವೈದ್ಯೆ ಜೀನ್ ಕರೂಥರ್ಸ್ ಅವರು ರೋಗಿಗಳ ಹುಬ್ಬಿನ ನಡುವಣ ಗೆರೆಗಳೂ ಮಾಯವಾಗುವುದನ್ನು ಕಂಡರು. ಚರ್ಮವೈದ್ಯರಾದ ಪತಿಯೊಡನೆ 1992ರಲ್ಲಿ ಅದನ್ನು ಪ್ರಕಟಿಸಿದರು. ಸೌಂದರ್ಯಕ್ಕೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಅಂದರೆ ಕಣ್ಣಿನ ರೋಗಕ್ಕೆ ಬಂದ ಮದ್ದು ಅಂದಕ್ಕೆ ಒದಗಿತು. ಮದ್ದಿಗೆ ಇದರಿಂದ ಅವಮಾನವೇನೂ ಇಲ್ಲ.

ಈ ಸೂಜಿ ರೆಪ್ಪೆಯನ್ನು ಎತ್ತುವುದಿಲ್ಲ ಎಂಬುದು ಮುಖ್ಯ. ಹುಬ್ಬನ್ನು ಕೆಳಗೆ ಜಗ್ಗುವ ಸ್ನಾಯುಗಳನ್ನು ಅದು ಮಲಗಿಸುತ್ತದೆ. ಎದುರಾಳಿ ಇಲ್ಲದಾಗ ಮೇಲಕ್ಕೆಳೆಯುವ ಸ್ನಾಯು ಹುಬ್ಬನ್ನು ಒಂದೆರಡು ಮಿಲಿಮೀಟರಿನಷ್ಟು ಏರಿಸುತ್ತದೆ. ಮೂರರಿಂದ ನಾಲ್ಕು ತಿಂಗಳಲ್ಲಿ ಎಲ್ಲವೂ ಮೊದಲಿನಂತೆ. ಔಷಧ ತುಸು ಅತ್ತಿತ್ತ ಹರಡಿ ರೆಪ್ಪೆಯನ್ನೆತ್ತುವ ಸ್ನಾಯುವನ್ನೇ ಮುಟ್ಟಿತೆಂದರೆ, ಎತ್ತಿಸಿಕೊಳ್ಳಲು ಹೋದ ರೆಪ್ಪೆ ಇನ್ನಷ್ಟು ಕೆಳಗಿಳಿಯುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುವಂಥದ್ದೇ, ಆದರೆ ಆ ವಾರಗಳಲ್ಲಿ ಮದುವೆಯೋ ಸಂದರ್ಶನವೋ ಇದ್ದರೆ ಸಮಾಧಾನ ಹೇಳುವುದು ಕಷ್ಟ.

ಎರಡನೆಯದು ಫಿಲ್ಲರ್. ಹಯಲ್ಯುರಾನಿಕ್ ಆಮ್ಲದ ಲೋಳೆಯನ್ನು ಕಣ್ಣಡಿಯ ತಗ್ಗಿಗೋ ಹುಬ್ಬಿನಡಿಗೋ ತುಂಬುವುದು. ಚೆನ್ನಾಗಿ ಕೂತರೆ ವರ್ಷದ ಹೊತ್ತು ನಿಲ್ಲುತ್ತದೆ, ಬೇಡವೆನಿಸಿದರೆ ಕರಗಿಸುವ ಕಿಣ್ವವೂ ಇದೆ. ಆದರೆ ಕಣ್ಣಿನ ಸುತ್ತಲಿನ ರಕ್ತನಾಳಗಳು ಕಣ್ಣೊಳಗಿನ ರಕ್ತನಾಳಗಳೊಡನೆ ಕೂಡಿಕೊಂಡಿವೆ. ಲೋಳೆಯ ಕಣವೊಂದು ನಾಳದೊಳಗೆ ಹೊಕ್ಕು ಹಿಂದಕ್ಕೆ ಹರಿದು ಅಕ್ಷಿಪಟಲದ ರಕ್ತವನ್ನು ತಡೆದರೆ ದೃಷ್ಟಿ ಹೋಗುತ್ತದೆ, ಬಹುಪಾಲು ಮರಳುವುದೂ ಇಲ್ಲ. ಇದು ತೀರ ವಿರಳ. ಕತ್ತಿಯಿಂದ ರೆಪ್ಪೆ ತಿದ್ದಿಸಿಕೊಂಡಾಗಲೂ ಕಣ್ಣ ಹಿಂದೆ ರಕ್ತ ಶೇಖರವಾಗಿ ದೃಷ್ಟಿ ಹೋಗುವ ಸಂಭವ ಇದೆ, ಅದೂ ತೀರ ವಿರಳವೇ. ಹಾಗಿದ್ದ ಮೇಲೆ, ಕತ್ತಿಯಿಲ್ಲ ಎಂಬ ಕಾರಣಕ್ಕೆ ಕುರುಡಿನ ಭಯವಿಲ್ಲ ಎಂದು ತಿಳಿಯಲು ಆಧಾರವಿಲ್ಲ.

ಉಳಿದವು ಶಾಖದ ಮತ್ತು ರಸಾಯನದ ವಿಧಾನಗಳು: ಶ್ರವಣಾತೀತ ಧ್ವನಿತರಂಗ, ರೇಡಿಯೊ ತರಂಗ, ಲೇಸರ್, ಆಮ್ಲದ ಲೇಪ. ಎಲ್ಲದರ ತತ್ತ್ವ ಒಂದೇ. ಚರ್ಮದ ಒಳಪದರಕ್ಕೆ ಅಳತೆಯ ಗಾಯ ಮಾಡಿ, ಅದು ಮಾಯುವಾಗ ಹೊಸ ಕೊಲಾಜನ್ ಕಟ್ಟಿ ಬಿಗಿಯಾಗುವಂತೆ ನೋಡುವುದು. ಧ್ವನಿತರಂಗದ ಯಂತ್ರವೊಂದಕ್ಕೆ ಹುಬ್ಬು ಎತ್ತುವ ಸಲುವಾಗಿ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಪರಿಣಾಮ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಕಂಡದ್ದೂ ಸಾಧಾರಣವೇ. ನಮ್ಮ ಕಂದು ಚರ್ಮಕ್ಕೆ ಲೇಸರ್ ಮತ್ತು ಆಮ್ಲದಿಂದ ಕಪ್ಪು ಕಲೆ ಉಳಿಯುವ ಸಾಧ್ಯತೆ ಬಿಳಿಯರಿಗಿಂತ ಹೆಚ್ಚು. ಇನ್ನು ಸ್ನಾಯು ಸಡಿಲಗೊಂಡ ರೆಪ್ಪೆಗೆ ಕಣ್ಣಿನ ಹನಿಯೊಂದು 2020ರಲ್ಲಿ ಅಮೆರಿಕದ ಪೇಟೆಗೆ ಬಂದಿದೆ. ಅದರ ಪ್ರಭಾವ ಕೆಲವು ಗಂಟೆಗಳದ್ದು.

ಈಗ ಸುಶ್ರುತನಲ್ಲಿಗೆ ಬರೋಣ. ಹಳೆಯದರಲ್ಲಿ ಎಲ್ಲವೂ ಇತ್ತು ಎಂದು ಎದೆತಟ್ಟಿಕೊಳ್ಳುವ ಉದ್ದೇಶ ನನಗಿಲ್ಲ. ಆ ಅಭ್ಯಾಸದಿಂದ ಸುಶ್ರುತನಿಗೇ ಹೆಚ್ಚು ಅನ್ಯಾಯವಾಗಿದೆ. ನನಗೆ ಬೇಕಾದದ್ದು ಅವನ ವರ್ಗೀಕರಣದ ಶಿಸ್ತು. ಸುಶ್ರುತಸಂಹಿತೆಯ ಉತ್ತರತಂತ್ರ ಎಣಿಸುವ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸೇರಿದವು. ಎವೆಗೂದಲು ಒಳಮುಖವಾಗಿ ಬೆಳೆದು ಕಣ್ಣನ್ನು ಚುಚ್ಚುವ ಪಕ್ಷ್ಮಕೋಪಕ್ಕೆ ಅವನು ಹೇಳುವ ಕ್ರಮ ಇದು: ಹುಬ್ಬಿನ ಕೆಳಗೆ ಎರಡು ಭಾಗ, ಎವೆಯ ಮೇಲೆ ಒಂದು ಭಾಗ ಬಿಟ್ಟು, ನಡುವೆ ಯವೆಯ ಕಾಳಿನ ಆಕಾರದಲ್ಲಿ ಚರ್ಮವನ್ನು ಅಡ್ಡಲಾಗಿ ಕತ್ತರಿಸಿ ತೆಗೆದು ಕೂದಲಿನಿಂದ ಹೊಲಿಯಬೇಕು. ಇಂದಿನ ಮೇಲ್ರೆಪ್ಪೆಯ ಸೌಂದರ್ಯ ಶಸ್ತ್ರಕ್ರಿಯೆಯ ಚಿತ್ರ ನೋಡಿದವರಿಗೆ ಇದರ ಹೋಲಿಕೆ ಅಚ್ಚರಿ ತರುತ್ತದೆ. ಆದರೆ ಅವನ ಉದ್ದೇಶ ಅಂದವಾಗಿರಲಿಲ್ಲ, ಕಣ್ಣು ಉಳಿಸುವುದಾಗಿತ್ತು. ರೋಮಿನ ಸೆಲ್ಸಸ್ ಮೊದಲನೆಯ ಶತಮಾನದಲ್ಲಿ ಸಡಿಲ ರೆಪ್ಪೆಯ ಚರ್ಮ ತೆಗೆಯುವುದನ್ನು ಬರೆದಿದ್ದಾನೆ. ‘ಬ್ಲೆಫರೋಪ್ಲಾಸ್ಟಿ’ ಎಂಬ ಇಂದಿನ ಹೆಸರನ್ನು 1818ರಲ್ಲಿ ಬಳಕೆಗೆ ತಂದ ಜರ್ಮನಿಯ ಫಾನ್ ಗ್ರೇಫೆಯೂ ಅದನ್ನು ಕ್ಯಾನ್ಸರಿನಿಂದ ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಬಳಸಿದನು. ಜಪಾನಿನಲ್ಲಿ 1896ರಲ್ಲಿ ಮಿಕಾಮೊ ಎಂಬ ವೈದ್ಯ ಮಡಿಕೆಯಿಲ್ಲದ ಮೇಲ್ರೆಪ್ಪೆಗೆ ಮಡಿಕೆ ಮೂಡಿಸುವ ಹೊಲಿಗೆಯನ್ನು ವಿವರಿಸಿದಾಗ ವಿಷಯ ನೇರವಾಗಿ ರೂಪದ ಕಡೆ ತಿರುಗಿತು. ಮಡಿಕೆಯಿಲ್ಲದ ರೆಪ್ಪೆ ರೋಗವಲ್ಲ, ಪೂರ್ವ ಏಷ್ಯಾದ ಕೋಟ್ಯಂತರ ಜನರ ಸಹಜ ರೆಪ್ಪೆ ಅದು.

ಸುಶ್ರುತನು ಶಸ್ತ್ರಕರ್ಮಗಳನ್ನು ಎಂಟಾಗಿ ವಿಂಗಡಿಸುತ್ತಾನೆ: ಛೇದ್ಯ, ಭೇದ್ಯ, ಲೇಖ್ಯ, ವೇಧ್ಯ, ಏಷ್ಯ, ಆಹಾರ್ಯ, ವಿಸ್ರಾವ್ಯ, ಸೀವ್ಯ. ಕತ್ತರಿಸುವುದು ಇವುಗಳಲ್ಲಿ ಒಂದು ಮಾತ್ರ. ಚುಚ್ಚುವುದೂ, ಕೆರೆಯುವುದೂ, ಹೊಲಿಯುವುದೂ ಶಸ್ತ್ರಕರ್ಮವೇ. ಅವನ 20 ಶಸ್ತ್ರಗಳ ಪಟ್ಟಿಯಲ್ಲಿ ಸೂಚಿಯೂ ಒಂದು, ಅಂದರೆ ಸೂಜಿ. ಇಂದಿನ ಟೊಳ್ಳು ಸೂಜಿ ಆಗ ಇರಲಿಲ್ಲ ಎಂಬುದು ಸರಿ, ಆದರೆ ಮೈಯನ್ನು ಭೇದಿಸಿ ಒಳಹೋಗುವ ಸಾಧನವನ್ನು ಶಸ್ತ್ರವಲ್ಲ ಎಂದು ಅವನು ಎಂದೂ ಒಪ್ಪುತ್ತಿರಲಿಲ್ಲ. ಇಷ್ಟೇ ಅಲ್ಲ. ಶಸ್ತ್ರಗಳ ಜೊತೆಗೆ ‘ಅನುಶಸ್ತ್ರ’ ಎಂಬ ಇನ್ನೊಂದು ವರ್ಗವನ್ನು ಅವನು ಮಾಡಿದ್ದಾನೆ. ಬಿದಿರಿನ ಸಿಬಿರು, ಗಾಜು, ಜಿಗಣೆ, ಉಗುರು, ಕ್ಷಾರ, ಅಗ್ನಿ ಮೊದಲಾದವು ಅದರಲ್ಲಿ ಬರುತ್ತವೆ. ಇವುಗಳನ್ನು ಯಾರಿಗೆ ಬಳಸಬೇಕು ಎಂಬ ಪ್ರಶ್ನೆಗೆ ಅವನ ಉತ್ತರ ಸೊಗಸಾಗಿದೆ: ಮಕ್ಕಳಿಗೆ, ಶಸ್ತ್ರಕ್ಕೆ ಹೆದರುವವರಿಗೆ, ಮತ್ತು ಶಸ್ತ್ರ ಸಿಗದ ಕಡೆ. ‘ಶಸ್ತ್ರಕ್ಕೆ ಹೆದರುವವರು’ ಎಂಬ ಗ್ರಾಹಕವರ್ಗವನ್ನು ಅಂದೇ ಗುರುತಿಸಿದ್ದನೆಂದಾಯಿತು. ಆದರೆ ಅವರ ಹೆದರಿಕೆಯನ್ನು ಗೌರವಿಸುತ್ತಲೇ ಅವನು ಹೆಸರನ್ನು ಬದಲಿಸಲಿಲ್ಲ. ‘ಅಶಸ್ತ್ರ’ ಎನ್ನಲಿಲ್ಲ, ‘ಅನುಶಸ್ತ್ರ’ ಎಂದನು. ಶಸ್ತ್ರದ ಹಿಂದೆಯೇ, ಶಸ್ತ್ರದ ಸಾಲಿನಲ್ಲೇ ನಿಲ್ಲುವಂಥದ್ದು. ಕ್ಷಾರ ಮತ್ತು ಅಗ್ನಿಯ ವಿಷಯದಲ್ಲಂತೂ ಅವು ಶಸ್ತ್ರಕ್ಕಿಂತ ಬಲವಾದವು ಎಂದೇ ಅವನ ಅಭಿಪ್ರಾಯ. ಕ್ಷಾರವಿದ್ದ ಜಾಗದಲ್ಲಿ ಇಂದಿನ ಆಮ್ಲದ ಲೇಪವನ್ನೂ, ಅಗ್ನಿಯಿದ್ದ ಜಾಗದಲ್ಲಿ ಲೇಸರ್ ಮತ್ತು ಧ್ವನಿತರಂಗಗಳನ್ನೂ ಇಟ್ಟು ನೋಡಿ.

ಆದ್ದರಿಂದ ನನ್ನ ಸೂಚನೆ ಇದು. ‘ನಾನ್-ಸರ್ಜಿಕಲ್’ ಎಂಬುದಕ್ಕೆ ಕನ್ನಡದಲ್ಲಿ ‘ಶಸ್ತ್ರರಹಿತ’ ಎಂದು ಬರೆಯುವುದನ್ನು ನಿಲ್ಲಿಸೋಣ. ‘ಅನುಶಸ್ತ್ರ’ ಎಂದು ಬರೆಯೋಣ. ಅಂದಕ್ಕಾಗಿ ಮಾಡುವ ಕತ್ತಿಯ ಕೆಲಸಕ್ಕೆ ‘ಶಸ್ತ್ರಕ್ರಿಯೆ’ ಎನ್ನೋಣ, ದೃಷ್ಟಿಗಾಗಿ ಮಾಡುವುದಕ್ಕೆ ‘ಶಸ್ತ್ರಚಿಕಿತ್ಸೆ’ ಇರಲಿ. ಅನುಶಸ್ತ್ರ ಎಂಬ ಪದ ಯಾರಿಗೆ ತಿಳಿಯುತ್ತದೆ ಎಂಬ ಆಕ್ಷೇಪ ಬರುವುದು ನನಗೆ ಗೊತ್ತು. ತಿಳಿಯದ ಪದ ಕೇಳಿದವನು ‘ಹಾಗೆಂದರೇನು’ ಎಂದು ಒಂದು ಪ್ರಶ್ನೆ ಕೇಳುತ್ತಾನೆ. ‘ಶಸ್ತ್ರರಹಿತ’ ಎಂದು ಕೇಳಿದವನು ಏನನ್ನೂ ಕೇಳುವುದಿಲ್ಲ, ತಿಳಿಯಿತೆಂದುಕೊಂಡು ಕುರ್ಚಿಯಲ್ಲಿ ಒರಗುತ್ತಾನೆ. ಆಸ್ಪತ್ರೆಯಲ್ಲಿ ಮೊದಲನೆಯದೇ ಲೇಸು.

ಇನ್ನು ಕತ್ತಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಮೇಲ್ರೆಪ್ಪೆಯ ಕೆಲಸ ಸಾಮಾನ್ಯವಾಗಿ ಸ್ಥಳೀಯ ಅರಿವಳಿಕೆಯಲ್ಲಿ ಒಂದು ಗಂಟೆಯ ಹೊತ್ತಿನಲ್ಲಿ ಮುಗಿಯುತ್ತದೆ. ಗೆರೆ ರೆಪ್ಪೆಯ ಸಹಜ ಮಡಿಕೆಯಲ್ಲಿ ಅಡಗುತ್ತದೆ, ವಾರದೊಳಗೆ ಹೊಲಿಗೆ ಬಿಚ್ಚುತ್ತಾರೆ, ಬಾವು ಇಳಿಯಲು ಎರಡು ವಾರ, ಪೂರ್ತಿ ಮಾಗಲು ಕೆಲವು ತಿಂಗಳು. ಫಲ ಹಲವು ವರ್ಷ ನಿಲ್ಲುತ್ತದೆ. ನಾಲ್ಕು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವವರು ಹತ್ತು ವರ್ಷದಲ್ಲಿ 30 ಬಾರಿ ಆ ಕುರ್ಚಿ ಏರುತ್ತಾರೆ, 30 ಬಾರಿ ಹಣ ತೆರುತ್ತಾರೆ. ಒಂದೊಂದು ಬಾರಿಯ ಮೊತ್ತ ಚಿಕ್ಕದಾಗಿ ಕಾಣುವುದರಿಂದಲೇ ಒಟ್ಟು ಮೊತ್ತ ಕಾಣುವುದಿಲ್ಲ. ನಿಜವಾಗಿಯೂ ಚರ್ಮ ಹೆಚ್ಚಾಗಿ ನೋಟಕ್ಕೆ ಅಡ್ಡಬರುವ ಅರವತ್ತರ ವ್ಯಕ್ತಿಗೆ ಸೂಜಿಯಾಗಲಿ ಶಾಖವಾಗಲಿ ಆ ಚರ್ಮವನ್ನು ಇಲ್ಲವಾಗಿಸಲಾರವು. ಅಂಥವರಿಗೆ ಕತ್ತಿಯೇ ನೇರವಾದ ದಾರಿ ಎಂಬುದು ನನ್ನ ತಿಳುವಳಿಕೆ. ಹಾಗೆಂದು ಅದು ನಿರಪಾಯವಲ್ಲ. ಕಣ್ಣು ಒಣಗುವುದು, ಎರಡು ಕಣ್ಣು ಸಮವಾಗದಿರುವುದು, ಕೆಳರೆಪ್ಪೆ ಹೊರಮಗುಚುವುದು ಇವೆಲ್ಲ ಉಂಟು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅತಿಯಾಗಿ ಕತ್ತರಿಸುವ ಬಗ್ಗೆ. ಹುಬ್ಬಿನಿಂದ ಎವೆಯವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಬೇಕೆಂಬುದು ವೈದ್ಯರ ಕಟ್ಟಳೆ. ಉಳಿಯದಿದ್ದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಮುಚ್ಚದ ಕಣ್ಣು ನಿದ್ದೆಯಲ್ಲೂ ಒಣಗಿ ಹುಣ್ಣಾಗುತ್ತದೆ.

ಎವೆಯಿಕ್ಕದ ಕಣ್ಣು ದೇವತೆಗಳ ಲಕ್ಷಣವೆಂದು ನಮ್ಮ ಕಾವ್ಯಪರಂಪರೆ ಹೇಳುತ್ತದೆ, ಅದಕ್ಕೇ ಅವರು ಅನಿಮಿಷರು. ಮಹಾಭಾರತದ ನಳೋಪಾಖ್ಯಾನದಲ್ಲಿ ಐವರು ನಳರ ಎದುರು ನಿಂತ ದಮಯಂತಿ ನಿಜವಾದ ನಳನನ್ನು ಗುರುತಿಸುವ ಚಿಹ್ನೆಗಳಲ್ಲಿ ಒಂದು ಅವನ ಕಣ್ಣು ಮಿಟುಕುವುದು. ಬೆವರು, ಧೂಳು, ಬಾಡಿದ ಮಾಲೆ ಉಳಿದವು. ದೇವತೆಗಳು ಎಲ್ಲ ರೀತಿಯಲ್ಲೂ ಹೆಚ್ಚು ಸುಂದರರಾಗಿದ್ದರು. ಅವಳು ಬೆವರುವವನನ್ನು ಆರಿಸಿದಳು. ಕನಕದಾಸರ ‘ನಳಚರಿತ್ರೆ’ಯನ್ನು ಪಾಠ ಹೇಳುವಾಗ ನಾನು ಸಾಮಾನ್ಯವಾಗಿ ಈ ಮೂಲದ ಸಂಗತಿಯನ್ನು ನೆನಪಿಸದೆ ಮುಂದಕ್ಕೆ ಹೋಗುವುದಿಲ್ಲ.

ಇಷ್ಟು ಹೇಳಿದೆನೆಂದು ಸಹಜ ಸೌಂದರ್ಯದ ಉಪದೇಶಕ್ಕೆ ನಾನು ಇಳಿಯಲಾರೆ. ತಲೆಗೆ ಬಣ್ಣ ಹಚ್ಚಿಕೊಂಡು ತರಗತಿಗೆ ಬರುವ ಅಧ್ಯಾಪಕರು ವಿದ್ಯಾರ್ಥಿನಿಯರಿಗೆ ಆತ್ಮಸೌಂದರ್ಯದ ಪಾಠ ಹೇಳುವುದು ನನಗೆ ಹಿಡಿಸದು. ಐವತ್ತರ ಮಹಿಳೆ ಕನ್ನಡಿಯಲ್ಲಿ ದಣಿದಂತೆ ಕಾಣುವ ಮುಖವನ್ನು ಬದಲಿಸಬೇಕೆಂದು, ತನ್ನ ದುಡಿಮೆಯ ಹಣದಲ್ಲಿ, ಎಲ್ಲ ತಿಳಿದು ರೆಪ್ಪೆ ತಿದ್ದಿಸಿಕೊಂಡರೆ ಅದು ಅವರ ಇಚ್ಛೆ. ಗಂಡಸರಿಗೂ ಅದೇ ಮಾತು. ನನ್ನ ಕಳವಳ ಇಪ್ಪತ್ತರ ಹರೆಯದವರ ಬಗ್ಗೆ. ಈ ವಯಸ್ಸಿನಲ್ಲಿ ಕಣ್ಣಡಿ ಕಪ್ಪಾಗಿ ಕಾಣುವುದು ಹಲವು ಬಾರಿ ಮೇಲಿನ ದೀಪದ ನೆರಳು, ನಿದ್ದೆಗೇಡು, ಅಲರ್ಜಿ, ಇಲ್ಲವೇ ಅಪ್ಪ ಅಮ್ಮನಿಂದ ಬಂದ ಚಹರೆ. ಮೊಳದೂರದಲ್ಲಿ ಹಿಡಿದ ಮೊಬೈಲಿನ ಕ್ಯಾಮೆರಾ ಮುಖದ ಪ್ರಮಾಣವನ್ನೇ ಬದಲಿಸುತ್ತದೆ. ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ಆ ಚಿತ್ರವನ್ನು ನಿಜವೆಂದು ನಂಬಿ, ‘ಸೂಜಿಯಷ್ಟೇ ಅಲ್ಲವೇ’ ಎಂದು ಕಂತಿನ ಸಾಲದಲ್ಲಿ ಫಿಲ್ಲರ್ ಹಾಕಿಸಿಕೊಳ್ಳುವುದಕ್ಕೆ ‘ರಹಿತ’ ಎಂಬ ಮೂರು ಅಕ್ಷರದ ಭರವಸೆ ಕಾರಣವಾಗಬಾರದು.

ಒಪ್ಪಿಗೆ ಪತ್ರದ ವಿಷಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ನಮ್ಮ ಗಡಿಯ ಜನಕ್ಕೆ ಹೆಚ್ಚು ಸಂಬಂಧಿಸಿದ್ದು ಅದೇ. ಚಿಕಿತ್ಸೆಗೆ ರೋಗಿ ಕೊಡುವ ಒಪ್ಪಿಗೆ ಸಿಂಧುವಾಗಬೇಕಾದರೆ ಅದರ ಸ್ವರೂಪ, ಉದ್ದೇಶ, ಪ್ರಯೋಜನ, ಪರ್ಯಾಯಗಳು ಮತ್ತು ಗಣನೀಯ ಅಪಾಯಗಳ ಬಗ್ಗೆ ಸಾಕಷ್ಟು ಮಾಹಿತಿ ಕೊಟ್ಟಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾಹಿತಿ ಎಂದರೆ ತಿಳಿಯುವ ಭಾಷೆಯ ಮಾಹಿತಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡಿಗ ಮಹಿಳೆ ಇಂಗ್ಲಿಷ್ ಅಥವಾ ಮರಾಠಿ ಹಾಳೆಗೆ ಸಹಿ ಹಾಕುತ್ತಾರೆ. ಪಕ್ಕದಲ್ಲಿ ನಿಂತ ಮಗನೋ ಅಳಿಯನೋ ‘ಏನಿಲ್ಲವ್ವಾ, ಸುಮ್ಮ ಸಹಿ ಮಾಡು’ ಎನ್ನುತ್ತಾನೆ. ಆ ‘ಏನಿಲ್ಲ’ ಎಂಬುದು ನಮ್ಮ ಭಾಗದಲ್ಲಿ ಅತಿ ಹೆಚ್ಚು ನಡೆಯುವ ವೈದ್ಯಕೀಯ ಅನುವಾದ. ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಪುಸ್ತಕಗಳಲ್ಲಿ ದೇಹದ ಸಂಗತಿಗಳನ್ನು ಮನೆಯ ಹೆಣ್ಣುಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿ ಅರ್ಧ ಶತಮಾನವಾಯಿತು. ಭಾಷೆಗೆ ಶಕ್ತಿ ಇಲ್ಲ ಎನ್ನುವಂತಿಲ್ಲ.

ಮುಂದಿನ ತಿಂಗಳ ಅನುವಾದ ತರಗತಿಗೆ ನಿಮ್ಮಲ್ಲಿ ಸಾಧ್ಯವಿದ್ದವರು ಆಸ್ಪತ್ರೆಯ ಒಂದೊಂದು ಖಾಲಿ ಒಪ್ಪಿಗೆ ಪತ್ರವನ್ನು, ಮರಾಠಿಯದಾಗಲಿ ಇಂಗ್ಲಿಷಿನದಾಗಲಿ, ತನ್ನಿ. ಕಣ್ಣಿನದೇ ಆಗಬೇಕೆಂದಿಲ್ಲ. ‘ಕಾಂಪ್ಲಿಕೇಶನ್’ ಎಂಬಲ್ಲಿ ‘ತೊಡಕು’ ಸಾಕೇ, ‘ಅಪಾಯ’ ಬೇಕೇ, ಕಣ್ಣು ಹೋಗುವುದನ್ನು ‘ಅಡ್ಡಪರಿಣಾಮ’ ಎಂದು ಕರೆಯಬಹುದೇ ಎಂಬಲ್ಲಿಂದ ಆರಂಭಿಸೋಣ. ನಿಮ್ಮ ಅಜ್ಜಿಗೆ ಓದಿ ಹೇಳಿ, ಅವರು ಯಾವ ಸಾಲಿನಲ್ಲಿ ತಡೆದು ಪ್ರಶ್ನೆ ಕೇಳಿದರೋ ಆ ಸಾಲಿಗೆ ಕೆಳಗೆ ಗೆರೆ ಎಳೆದುಕೊಂಡು ಬನ್ನಿ.